ಬಾಲದ ಎರಡು ಕಚ್ಚು

ಯತ್ಮಾ ಜೇಯ್ ಆ ಮೀನನ್ನು ಎಸೆದು ಹೋಗಿದ್ದರೆ ಜಗಳ ಅಲ್ಲೇ ಹತ್ತಿ ಅಲ್ಲೇ ಆರುತ್ತಿತ್ತು. ಅವನು ಎಸೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ತಂದು, ಮರಳಿನ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಮಲಗಿಸಿದ. ತೋಳುದ್ದದ ಚೋಫ್ ಮೀನು. ಐದು ದಿನ ಐಸಿನಲ್ಲಿದ್ದರೂ ಮೈಯ ಬಣ್ಣ ಮಾಸಿರಲಿಲ್ಲ. ಅದರ ಬಾಲವನ್ನು ಬೆರಳಿನಿಂದ ಬೀಸಣಿಗೆಯಂತೆ ಬಿಡಿಸಿ, ಸುತ್ತ ನಿಂತವರಿಗೆಲ್ಲ ಕಾಣುವ ಹಾಗೆ ಹಿಡಿದ.

"ತಗೋ ಮಸಾಂಬಣ್ಣ, ನಿಂದು ನಿನಗೆ. ನಾನು ಕಳ್ಳ ಅಲ್ಲ. ಆದ್ರೆ ನನ್ನ ಗಾಳ ಕಚ್ಚಿದಾಗ ಇದು ಜೀವಂತ ಇತ್ತು. ನೀರಲ್ಲಿ ಈಜ್ತಿರೋ ಮೀನಿನ ಬಾಲದ ಮೇಲೆ ನಿನ್ನ ಗುರುತು ಹ್ಯಾಗೆ ಬಂತು, ಅದಷ್ಟು ಹೇಳು."

ನಡುಹಗಲು, ದೋಣಿಗಳು ದಡ ಸೇರುವ ಹೊತ್ತು. ಬೋಗುಣಿ ಹೊತ್ತ ಹೆಂಗಸರು, ಕುದುರೆಗಾಡಿಯವರು, ಐಸು ಕುಟ್ಟುವವರು ಎಲ್ಲರೂ ಅಲ್ಲಿದ್ದರು. ಮಸಾಂಬ ನಮ್ಮ ಗುಯ್‌ಸಂಬ್ ಊರಿನ ಮೀನುಗಾರರ ಸಮಿತಿಯ ಮುಖ್ಯಸ್ಥ, ಐವತ್ತೆಂಟು ದಾಟಿದವನು. ಯತ್ಮಾ ಉತ್ತರದವನು. ದೊಡ್ಡ ನದಿ ಸಮುದ್ರ ಸೇರುವ ಕಡೆಯಿಂದ ಪ್ರತಿ ಚಳಿಗಾಲಕ್ಕೂ ಇಳಿದುಬಂದು ನಮ್ಮ ತೀರದ ತುದಿಯಲ್ಲಿ ಗುಡಾರ ಹಾಕುವ ಜನರ ಹಿರಿಯ. ಏಳು ವರ್ಷದ ಹಿಂದೆ ಬಲೆಯ ವಿಷಯಕ್ಕೆ ಹೊಡೆದಾಟವಾಗಿ ಅವರ ಕಡೆಯ ಒಬ್ಬನ ಕಣ್ಣು ಹೋಗಿತ್ತು, ನಮ್ಮ ಎರಡು ದೋಣಿ ಸುಟ್ಟಿದ್ದವು. ಅಂದಿನಿಂದ ಇವರಿಬ್ಬರ ನಡುವೆ ಸಲಾಮು ಬಿಟ್ಟರೆ ಬೇರೆ ಮಾತಿರಲಿಲ್ಲ.

ಮಸಾಂಬ ಬಗ್ಗಿ ಬಾಲ ನೋಡಿದ. ಸಮಿತಿಯ ಬರಹದ ಕೆಲಸ ನೋಡಿಕೊಳ್ಳುವ ನಾನೂ ನೋಡಿದೆ. ಮೇಲಿನ ಮೂಲೆಯಲ್ಲಿ ಚೂರಿಯಿಂದ ಹಾಕಿದ ಒಂದು ಕಚ್ಚು, ಅದರಿಂದ ಒಂದು ಬೆರಳು ಕೆಳಗೆ ಇನ್ನೊಂದು. ಗಾಯ ಎಂದೋ ಮಾಗಿ ರೆಕ್ಕೆಯ ಕಡ್ಡಿಗಳು ಸೊಟ್ಟಗೆ ಬೆಳೆದಿದ್ದವು. ಆದರೂ ಕಚ್ಚು ಕಚ್ಚಾಗಿಯೇ ಉಳಿದಿತ್ತು.

ಐಸು ತುಂಬಿಕೊಂಡು ವಾರಗಟ್ಟಲೆ ಹೋಗುವ ನಮ್ಮ ದೋಣಿಗಳಲ್ಲಿ ಎಂಟು ಹತ್ತು ಜನ ಇರುತ್ತಾರೆ. ಗಾಳ ಅವರವರದು, ಪೆಟ್ಟಿಗೆ ಮಾತ್ರ ಎಲ್ಲರಿಗೂ ಒಂದೇ. ಹಿಡಿದ ಮೀನಿನ ರೆಕ್ಕೆಗೋ ತುಟಿಗೋ ಬಾಲಕ್ಕೋ ತನ್ನ ಗುರುತಿನ ಕಚ್ಚು ಹಾಕಿ ಒಳಗೆ ಬಿಟ್ಟರೆ ಮುಗಿಯಿತು, ದಡದಲ್ಲಿ ಯಾರೂ ಮಾತಾಡುವಂತಿಲ್ಲ. ಗುರುತಿದ್ದ ಮೀನು ಗುರುತಿನವನದು. ಅದರ ಮೇಲೆ ಇನ್ನೊಂದು ಕಚ್ಚು ಹಾಕಿದವನನ್ನು ಮುಂದೆ ಯಾವ ದೋಣಿಯೂ ಹತ್ತಿಸಿಕೊಳ್ಳುವುದಿಲ್ಲ. ಮಸಾಂಬನ ಎರಡು ಕಚ್ಚು ಅವನ ತಾಯಿಯ ಮನೆತನದ್ದು. ಸೋದರಮಾವನಿಂದ ಅವನಿಗೆ ಬಂದಿತ್ತು, ಅವನಿಂದ ಅಕ್ಕ ಯಾರಮಳ ಮಗ ಬಿರಾಮನಿಗೆ ಹೋಗಬೇಕಾಗಿತ್ತು.

ಎಲ್ಲಿ ಸಿಕ್ಕಿತು ಎಂದು ಮಸಾಂಬ ಕೇಳಿದ. ಮೂರು ದಿನದ ದಾರಿಯಾಚೆ ಉತ್ತರದಲ್ಲಿರುವ, ಸಮುದ್ರದಡಿಯ ಒಂದು ದಿಣ್ಣೆಯ ಹೆಸರನ್ನು ಯತ್ಮಾ ಹೇಳಿದ.

"ಸುಳ್ಳು. ಇದು ಅಜ್ಜಿ ಬಂಡೆ ಮೀನು. ಬರೋ ದಾರೀಲಿ ಅಲ್ಲೇ ಗಾಳ ಇಳಿಸಿದೀಯ."

"ಹೌದಾ? ಅಜ್ಜಿ ಬಂಡೆ ಮೀನು ಅಂತ ನಿಂಗೆ ಹ್ಯಾಗೆ ಗೊತ್ತಾಯ್ತು?"

ಮಸಾಂಬ ಬಾಯಿ ತೆರೆದವನು ಹಾಗೆಯೇ ನಿಂತ. ಆ ಗಳಿಗೆಯ ಮೌನವನ್ನು ಊರು ಅವನ ಲೆಕ್ಕಕ್ಕೆ ಹಾಕಿಕೊಂಡಿತು. ಅವನು ಸುಳ್ಳು ಹುಡುಕುತ್ತಿದ್ದಾನೆಂದು ಜನ ತಿಳಿದರು. ಅವನು ಏನನ್ನೂ ಹುಡುಕುತ್ತಿರಲಿಲ್ಲ. ಏಳು ತಿಂಗಳ ಹಿಂದಿನ ಮೂರು ದಿನ ತನ್ನ ಕೈ ಏನು ಮಾಡಿತೆಂಬುದು ಅವನಿಗೆ ಹೊಳೆದದ್ದೇ ಆಗ.

ಅಜ್ಜಿ ಬಂಡೆ ನಮ್ಮ ದಡದಿಂದ ಎಂಜಿನ್ ದೋಣಿಯಲ್ಲಿ ಎರಡು ಗಂಟೆಯ ದಾರಿ. ಮಳೆಗಾಲದ ಮೊದಲಿಗೆ ಚೋಫ್ ಮೀನು ಮೊಟ್ಟೆಯಿಡಲು ಅಲ್ಲಿ ಕೂಡುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಮದುವೆಯ ಅನ್ನದ ಮೇಲೆ ಒಂದು ಇಡೀ ಚೋಫ್ ಮಲಗಿರುತ್ತಿತ್ತಂತೆ. ಈಗ ಅದರ ತಲೆ ಕಂಡವರೂ ಕಡಿಮೆ, ಅಂಗೈ ದಾಟಿದ್ದೆಲ್ಲ ಲಾರಿ ಹತ್ತಿ ವಿಮಾನಕ್ಕೆ ಹೋಗುತ್ತದೆ. ಎರಡು ವರ್ಷದ ಹಿಂದೆ ಮಸಾಂಬ ಮನೆಮನೆ ತಿರುಗಿ, ಹಿರಿಯರ ಕಾಲು ಹಿಡಿದು, ಆ ಬಂಡೆಯ ಸುತ್ತ ಯಾರೂ ಗಾಳ ಬಲೆ ಇಳಿಸಬಾರದೆಂದು ಊರಿನಿಂದ ತೀರ್ಮಾನ ಮಾಡಿಸಿದ್ದ. ಉತ್ತರದವರೂ ಗೊಣಗುತ್ತ ಒಪ್ಪಿದ್ದರು. ಆ ಗಡುವು ಈ ಚಳಿಗಾಲಕ್ಕೆ ಮುಗಿಯುತ್ತಿತ್ತು. ಮುಂದುವರಿಸುವುದೋ ಬಿಡುವುದೋ ಎಂದು ಮುಂದಿನ ತಿಂಗಳ ಕೂಟದಲ್ಲಿ ತೀರ್ಮಾನವಾಗಬೇಕಿತ್ತು.

ಏಳು ತಿಂಗಳ ಹಿಂದೆ ಮೀನಿನ ವಂಶಪರೀಕ್ಷೆಗೆ ರಾಜಧಾನಿಯಿಂದ ಬಂದವಳು ಉಲಿಮಾತ. ಊರವರು ಅವಳನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಬಂಡೆಯ ಮೀನನ್ನು ಜೀವಸಹಿತ ಹಿಡಿದು, ಬಾಲದಿಂದ ಉಗುರಿನಷ್ಟು ತುಂಡು ಕತ್ತರಿಸಿ ಸ್ಪಿರಿಟ್ಟಿನ ಸೀಸೆಗೆ ಹಾಕಿಕೊಂಡು, ಮೀನನ್ನು ಮತ್ತೆ ನೀರಿಗೆ ಬಿಡುವುದು ಅವಳ ಕೆಲಸ. ಆಳದಿಂದ ಬಂದ ಮೀನಿನ ಹೊಟ್ಟೆ ಉಬ್ಬಿರುತ್ತದೆ, ಸೂಜಿ ಚುಚ್ಚಿ ಗಾಳಿ ತೆಗೆಯದಿದ್ದರೆ ಅದು ಕೆಳಗಿಳಿಯಲಾರದು. ಆ ಸೂಜಿ ಅವಳ ಕೈಯಲ್ಲಿತ್ತು. ಮೀನು ಹಿಡಿದುಕೊಂಡವನು ನಾನು, ಚೂರಿ ಹಿಡಿದವನು ಮಸಾಂಬ. ಎಲ್ಲಿ ಕತ್ತರಿಸಲಿ ಎಂದು ಅವನು ಕೇಳಿದ್ದಕ್ಕೆ ಬಾಲದಲ್ಲಿ ಎಲ್ಲಾದರೂ ಸರಿ ಎಂದಳು. ನಲವತ್ತು ವರ್ಷ ಬಾಲಕ್ಕೆ ಕಚ್ಚು ಹಾಕಿದ ಕೈ, ತನಗೆ ಗೊತ್ತಿದ್ದ ಜಾಗಕ್ಕೆ ತಾನೇ ಹೋಯಿತು. ಒಂದು ತುಂಡು ಸಾಕಾಗಿದ್ದಲ್ಲಿ ಎರಡೆರಡು ಬಿದ್ದವು. ಉಲಿಮಾತ ಹೆಚ್ಚಿನದನ್ನು ಇನ್ನೊಂದು ಸೀಸೆಗೆ ಹಾಕಿಕೊಂಡು, ಒಳ್ಳೆಯದೇ ಆಯಿತು, ಒಂದು ಕೆಟ್ಟರೆ ಇನ್ನೊಂದಿರುತ್ತದೆ ಎಂದಳು. ಮೂರು ದಿನದಲ್ಲಿ ಎಂಬತ್ತಮೂರು ಮೀನು. ನಾಲ್ಕನೆಯದೋ ಐದನೆಯದೋ ಆಗುವಾಗ ನಾನು ಆ ಎರಡು ಕಚ್ಚನ್ನು ಗಮನಿಸಿದ್ದೆ. ದೋಣಿಯಲ್ಲಿ ದಿನವೂ ಕಾಣುವುದನ್ನು ಕಂಡ ಹಾಗೆ ಕಂಡು ಸುಮ್ಮನಿದ್ದೆ.

ಇದನ್ನೆಲ್ಲ ಮಸಾಂಬ ಅದೇ ಸಂಜೆ ಬಾವೊಬಾಬ್ ಮರದ ಕೆಳಗೆ ಹೇಳಿದ. ನಾನೂ ಸಾಕ್ಷಿ ನುಡಿದೆ. ಯಾರೂ ಅಡ್ಡ ಮಾತಾಡಲಿಲ್ಲ, ಯಾರೂ ನಂಬಲೂ ಇಲ್ಲ. ಒಂದು ಸಲ ಕೈತಪ್ಪು ಅನ್ನಬಹುದು, ಎಂಬತ್ತಮೂರು ಸಲ ತಪ್ಪುವ ಕೈ ಯಾವುದಪ್ಪಾ ಎಂದು ಒಬ್ಬ ಮುದುಕ ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ ಹೇಳಿ ಎದ್ದುಹೋದ. ಬಂಡೆ ಮುಚ್ಚಿಸಿದ್ದು ಊರಿಗಾಗಿ ಅಲ್ಲ, ಒಳಗಿದ್ದ ಮೀನನ್ನೆಲ್ಲ ಮೊದಲೇ ತನ್ನದು ಮಾಡಿಟ್ಟುಕೊಂಡು, ಬಂಡೆ ತೆರೆದ ದಿನ ಯಾರ ಗಾಳಕ್ಕೆ ಬಿದ್ದರೂ ತನ್ನ ಮನೆಗೆ ಬರಲಿ ಎಂಬುದಕ್ಕಾಗಿ: ವಾರದೊಳಗೆ ಊರಿನಲ್ಲಿ ನಿಂತ ಮಾತು ಇದು.

ಮೀನುಗಳು ಬರತೊಡಗಿದವು. ಗುರುತಿದ್ದ ಮೀನನ್ನು ಇಟ್ಟುಕೊಂಡರೆ ಕಳ್ಳನಾಗಬೇಕು, ಆದ್ದರಿಂದ ಹಗೆಯಿದ್ದರೂ ತಂದುಕೊಡಲೇಬೇಕು. ಹತ್ತು ದಿನದಲ್ಲಿ ನಾಲ್ಕು ಚೋಫ್ ಅವನ ಹೊಸ್ತಿಲಿಗೆ ಬಂದವು. ತಂದವರು ಸಲಾಮು ಹೇಳಲಿಲ್ಲ. ಒಬ್ಬ ಮಾತ್ರ ಬಾಗಿಲಲ್ಲಿ ನಿಂತು, ನಿಮ್ಮ ಕುರಿ ತಪ್ಪಿಸಿಕೊಂಡು ನಮ್ಮ ಕಡೆ ಮೇಯ್ತಾ ಇತ್ತು ಮಾವ, ಕಟ್ಟಿಹಾಕಿಕೊಳ್ಳಿ ಎಂದ. ಎರಡು ಮೀನು ಎಲ್ಲಿ ಸಿಕ್ಕವೆಂದು ಕೇಳಿದರೆ ತಂದವರು ಮುಖ ತಿರುಗಿಸಿದರು. ಮುಚ್ಚಿದ ಬಂಡೆಯಲ್ಲೇ ಎಂದು ಮಸಾಂಬನಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ತಂದವರು ನಮ್ಮೂರವರೇ. ಅವನು ಆ ಮೀನುಗಳನ್ನು ತಿನ್ನಲಿಲ್ಲ, ಮಾರಲಿಲ್ಲ. ಬಾಲ ಕತ್ತರಿಸಿ ಉಪ್ಪಿನಲ್ಲಿಟ್ಟು ಮಿಕ್ಕಿದ್ದನ್ನು ಮಸೀದಿಯ ಹತ್ತಿರದ ಕುರುಡನ ಮನೆಗೆ ಕಳಿಸಿದ. ಅದಕ್ಕೂ ಮಾತು ಬಂತು: ಪಾಪ ತೊಳೆಯೋದಕ್ಕೆ ದಾನ.

ಮೀನು ಒಣಗಿಸುವ ಅಟ್ಟಣಿಗೆಯ ಬಳಿ ಯಾರಮಳಿಗೆ ಇನ್ನೊಂದು ಬಗೆ. "ಏನಕ್ಕಾ, ನಿನ್ನ ತಮ್ಮ ಸಮುದ್ರದ ಮೀನಿಗೆಲ್ಲ ಹೆಸರಿಡ್ತಾನಂತೆ. ನಾಮಕರಣಕ್ಕೆ ಕುರಿ ಕುಯ್ದಿದ್ದು ಯಾವಾಗ? ನಮಗೊಂದು ತುಂಡು ಕಳಿಸ್ಲೇ ಇಲ್ಲ," ಎಂದಳು ಒಬ್ಬಳು. ಉಳಿದವರು ನಕ್ಕರು. ಯಾರಮ ಮೀನು ಮಗುಚುತ್ತ ಹೋದಳು. ಮರುದಿನ ಅವಳ ಪಕ್ಕದ ಅಟ್ಟಣಿಗೆಯವಳು ತನ್ನ ಸಾಮಾನನ್ನು ಆಚೆ ಸಾಲಿಗೆ ಎತ್ತಿಕೊಂಡಳು.

ಎಲ್ಲರಿಗಿಂತ ದೊಡ್ಡ ಪೆಟ್ಟು ಬಿದ್ದದ್ದು ಬಿರಾಮನಿಗೆ. ಮೂವತ್ತೆರಡರ ಗಟ್ಟಿ ಆಳು, ಗಾಳಕ್ಕೆ ಒಳ್ಳೆಯ ಮೀನು ಬೀಳಿಸುವವನು. ಮಾವನ ಗುರುತಿನಲ್ಲೇ ಹಿಡಿಯುತ್ತಿದ್ದ. ಆ ತಿಂಗಳು ಐಸಿನ ದೋಣಿಗಳು ಒಂದೊಂದಾಗಿ ಹೊರಟವು, ಅವನನ್ನು ಯಾರೂ ಕರೆಯಲಿಲ್ಲ. ದೋಣಿಯ ಹಿರಿಯನೊಬ್ಬ ನೇರವಾಗಿಯೇ ಹೇಳಿದನಂತೆ: ಪೆಟ್ಟಿಗೆಯಲ್ಲಿ ನಿನ್ನ ಕಚ್ಚು ಕಂಡರೆ, ಅದು ನೀನು ಹಿಡಿದದ್ದೋ ನಾವು ಹಿಡಿದದ್ದೋ ಎಂದು ಈಗ ಯಾರಿಗೆ ಗೊತ್ತಾಗುತ್ತದೆ?

ಕೂಟಕ್ಕೆ ಮೂರು ದಿನ ಇರುವಾಗ ಉಲಿಮಾತ ಬಂದಳು. ಮಸಾಂಬನ ಅಂಗಳದಲ್ಲಿ ಚಾಪೆಯ ಮೇಲೆ ಅವನು, ನಾನು, ಬಿರಾಮ. ಹಿಂದೆ ಅಲ್ಲಿ ಚಹಾದ ಹೊತ್ತಿಗೆ ಹತ್ತು ಜನ ಸೇರುತ್ತಿದ್ದರು. ಅವಳು ಕಾಗದ ಬಿಡಿಸದೆ ಬಾಯಿಯಲ್ಲೇ ಹೇಳಿದಳು. ಮಸಾಂಬ ಉಪ್ಪಿನಲ್ಲಿಟ್ಟು ಕಳಿಸಿಕೊಟ್ಟಿದ್ದ ಬಾಲಗಳನ್ನು, ಯತ್ಮಾ ತಂದ ಮೀನಿನ ಬಾಲವನ್ನೂ ಸೇರಿಸಿ, ಸೀಸೆಯ ತುಂಡುಗಳಿಗೆ ಹೋಲಿಸಿ ನೋಡಿದ್ದಾಳೆ. ಯತ್ಮಾನ ಮೀನು ಅಜ್ಜಿ ಬಂಡೆಯಲ್ಲಿ ಎರಡನೆಯ ದಿನ ಬಿಟ್ಟ ಮೀನೇ. ಹಾಗಾದರೆ ಅವನು ಬಂಡೆಯಲ್ಲಿ ಕದ್ದದ್ದು ನಿಜ ತಾನೆ ಎಂದ ಬಿರಾಮ. ಅಲ್ಲ ಎಂದಳು ಅವಳು. ಯತ್ಮಾ ಹೇಳಿದ ದಿಣ್ಣೆಯ ಹತ್ತಿರ ಉತ್ತರದ ಬೇರೆ ದೋಣಿಯವರು ಹಿಡಿದ ಇನ್ನೂ ಎರಡು ಬಾಲ ಅಲ್ಲಿಯ ಬಂದರಿನಿಂದಲೇ ಅವಳಿಗೆ ಬಂದಿದ್ದವು, ಅವೂ ನಮ್ಮ ಬಂಡೆಯವೇ. ಮೊಟ್ಟೆಯಿಟ್ಟು ಮೀನು ಉತ್ತರಕ್ಕೆ ಹೋಗುತ್ತದೆ, ಚಳಿಗೆ ಮರಳುತ್ತದೆ. ಅಲ್ಲಿಯದೂ ಇಲ್ಲಿಯದೂ ಬೇರೆಬೇರೆ ಕುಲವಲ್ಲ, ಒಂದೇ. ಇನ್ನೊಂದು ಮಾತು: ನೋಡಲು ಸಾವಿರಾರು ಕಂಡರೂ ಅವಕ್ಕೆಲ್ಲ ತಂದೆತಾಯಿ ಬಹಳ ಕಡಿಮೆ. ಈ ಮೀನು ಎಳವೆಯಲ್ಲಿ ಹೆಣ್ಣು, ವಯಸ್ಸಾಗಿ ದೊಡ್ಡದಾದ ಮೇಲೆ ಗಂಡಾಗುತ್ತದೆ. ನಾವು ದೊಡ್ಡದನ್ನೇ ಆರಿಸಿ ಹಿಡಿಯುತ್ತ ಬಂದಿದ್ದೇವೆ.

"ಅಂದ್ರೆ ಸಾವಿರ ಹೆಂಡತೀರಿಗೆ ಒಬ್ಬ ಗಂಡ, ಅವನೂ ಅನ್ನದ ತಟ್ಟೇಲಿ," ಎಂದೆ ನಾನು.

ಆ ಉಳಿದ ಗಂಡುಗಳು ಹೆಚ್ಚಾಗಿ ಅಜ್ಜಿ ಬಂಡೆಯಲ್ಲೇ ಇವೆ, ಈ ವರ್ಷ ಬಂಡೆ ತೆರೆದರೆ ಇಲ್ಲಿಯದು ಮಾತ್ರವಲ್ಲ, ಉತ್ತರದ ಮೀನೂ ಮುಗಿಯುತ್ತದೆ ಎಂದಳು ಅವಳು. ಏಳು ವರ್ಷದಿಂದ ಮಸಾಂಬ ಹೇಳಿಕೊಂಡು ಬಂದದ್ದು ಒಂದೇ ಮಾತು: ನಮ್ಮ ಬಂಡೆ, ನಮ್ಮ ಮೀನು, ಉತ್ತರದವರು ದೋಚಲು ಬರುವವರು. ಊರು ಅವನ ಹಿಂದೆ ನಿಂತದ್ದೂ ಆ ಮಾತಿನ ಬಲದಿಂದಲೇ.

ಉಲಿಮಾತ ಹೋದ ಮೇಲೆ ಬಿರಾಮ ಬಾಯಿಬಿಟ್ಟ. ದನಿ ಏರಿಸಲಿಲ್ಲ.

"ಮಾವ, ಕತ್ತರಿಸಿದ್ದು ಡಾಕ್ಟರಮ್ಮ ಅಂತ ಹೇಳಿಬಿಡಿ. ಅವಳಿಗೆ ನಮ್ಮ ಗುರುತು ಗೊತ್ತಿರ್ಲಿಲ್ಲ, ಏನೋ ಕತ್ತರಿಸಿದಳು, ಹಾಗೇ ಆಯ್ತು. ಮೋರಣ್ಣನೂ ಹೂಂ ಅಂತಾನೆ. ಅವಳು ನಾಳೆ ಊರಿಗೆ ಹೋಗ್ತಾಳೆ, ಅವಳ ಗಂಟೇನು ಹೋಗುತ್ತೆ?"

ಮೋರ್ ಎಂದರೆ ನಾನು. ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

"ಕತ್ತರಿಸಿದ್ದು ನಾನು ಅಂತ ಆಗ್ಲೇ ಹೇಳಿದೀನಿ," ಎಂದ ಮಸಾಂಬ.

"ಅದನ್ನ ಯಾರು ನಂಬಿದಾರೆ? ನಂಬೋ ಹಾಗೆ ಒಂದು ಹೇಳಿ ಅಂತ ನಾನು ಹೇಳ್ತಿರೋದು."

"ಅವಳ ಕೈ ತಪ್ಪು ಅಂದ್ರೆ ಅವಳ ಸೀಸೆ ಲೆಕ್ಕಾನೂ ತಪ್ಪಾಗುತ್ತೆ. ಆಮೇಲೆ ಬಂಡೆ ಮುಚ್ಚಿ ಅಂತ ಯಾವ ಬಾಯಲ್ಲಿ ಕೇಳ್ಲಿ?"

"ಹಾಗಾದ್ರೆ ನಿಮಗೆ ಬಂಡೆ ದೊಡ್ಡದು, ನಾನಲ್ಲ." ಬಿರಾಮ ಎದ್ದು ಹೊರಟುಹೋದ. ಅವನು ಕುಡಿಯದೆ ಬಿಟ್ಟ ಚಹಾವನ್ನು ಮಸಾಂಬ ಮರಳಿಗೆ ಚೆಲ್ಲಿದ.

ಶುಕ್ರವಾರದ ನಮಾಜಿನ ನಂತರ ಕೂಟ ಸೇರಿತು. ಊರ ಹಿರಿಯರು ಮರದ ಬುಡದಲ್ಲಿ, ಎಡಕ್ಕೆ ನಮ್ಮವರು, ಬಲಕ್ಕೆ ಉತ್ತರದವರು, ಹಿಂದೆ ಹೆಂಗಸರು. ಹಿಂದೆಲ್ಲ ಮಸಾಂಬ ಎದ್ದರೆ ನಮ್ಮ ಕಡೆ ಗದ್ದಲ ನಿಲ್ಲುತ್ತಿತ್ತು. ಅಂದು ಇಮಾಮರು ಎರಡು ಸಲ ಕೈ ಎತ್ತಬೇಕಾಯಿತು.

ಅವನು ಮೊದಲು ಮಾತಾಡಿದ್ದು ಯತ್ಮಾನ ಕಡೆಗೆ ತಿರುಗಿ. ಆ ದಿನ ದಡದಲ್ಲಿ ನಿನ್ನನ್ನು ಸುಳ್ಳುಗಾರ ಅಂದೆ, ಆ ಮೀನು ನೀನು ಹೇಳಿದ ಜಾಗದಲ್ಲೇ ಸಿಕ್ಕದ್ದು, ನನ್ನ ಮಾತು ಹಿಂದಕ್ಕೆ ತಗೊಂಡೆ ಎಂದ. ನಮ್ಮ ಕಡೆಯಿಂದ ಯಾರೋ ಸಿಳ್ಳೆ ಹಾಕಿದರು. ಉತ್ತರದವರಿಗೆ ಯಾವಾಗ ಮಾರಿಕೊಂಡೆ ಎಂದು ಇನ್ನೊಬ್ಬ ಕೇಳಿದ. ಮಸಾಂಬ ಉಲಿಮಾತ ಹೇಳಿದ್ದನ್ನೆಲ್ಲ ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದ. ಬಂಡೆಯ ಮೀನು ನಮ್ಮದು ಎಂದು ಇಷ್ಟು ವರ್ಷ ನಾನು ಹೇಳಿದ್ದು ತಪ್ಪು ಎಂದು ಅವನು ಹೇಳುವಾಗ ಎಡಗಡೆಯ ಹತ್ತಿಪ್ಪತ್ತು ಜನ ಎದ್ದು ಬೆನ್ನು ಹಾಕಿ ನಿಂತರು.

ಯತ್ಮಾ ಕೂತಲ್ಲಿಂದಲೇ ಕೇಳಿದ. "ಎಲ್ಲರ ಮೀನು ಅಂತೀಯ. ಆದ್ರೆ ಬಾಲದ ಮೇಲೆ ನಿನ್ನ ಹೆಸರಿದೆ. ಮುಚ್ಚಿದ ಬಂಡೆ ಒಳಗೆ ಬೆಳೀತಿರೋದು ಯಾರ ಆಸ್ತಿ? ನಮ್ಮ ಗಾಳ ಕಟ್ಟಿಹಾಕಿ, ನಿನ್ನ ಪೆಟ್ಟಿಗೆ ತುಂಬಿಸೋಕೆ ನಾವು ಒಪ್ಪಬೇಕಾ?"

ಈ ಒಂದು ಮಾತಿಗೆ ಎರಡೂ ಕಡೆಯವರು ಒಟ್ಟಿಗೆ ಹೌದೆಂದರು. ಏಳು ವರ್ಷದಲ್ಲಿ ಅವರು ಒಂದಾದದ್ದು ಅದೇ ಮೊದಲು.

ಬಿಸಿಲು ಮಸಾಂಬನ ಬೋಳುತಲೆಯ ಮೇಲಿತ್ತು. ಅವನು ಹಿಂದಕ್ಕೆ, ಹೆಂಗಸರು ಕೂತ ಕಡೆ ನೋಡಿದ.

"ಆ ಎರಡು ಕಚ್ಚು ಇವತ್ತಿನಿಂದ ನಂದಲ್ಲ. ಬಂಡೆ ಮೀನಿಂದು. ಯಾರ ಗಾಳಕ್ಕೆ ಬಂದ್ರೂ ನನ್ನ ಮನೆಗೆ ತರಬೇಡಿ. ಜೀವ ಇದ್ರೆ ಸೂಜಿ ಚುಚ್ಚಿ ನೀರಿಗೆ ಬಿಡಿ. ಸತ್ತಿದ್ರೆ ಎಲ್ಲಿ ಸಿಕ್ತು ಅಂತ ಮೋರ್ ಹತ್ರ ಹೇಳಿ, ಹಿಡಿದವನೇ ತಗೊಳ್ಳಲಿ. ಇನ್ನು ಮೇಲೆ ನಾನಾಗ್ಲಿ ನನ್ನ ಮನೆಯವರಾಗ್ಲಿ ಆ ಗುರುತಲ್ಲಿ ಒಂದು ಮೀನೂ ನಮ್ಮದು ಅನ್ನೋದಿಲ್ಲ."

ಗದ್ದಲ ನಿಂತಿತು. ಗುರುತು ಕಳೆದುಕೊಂಡವರನ್ನು ನಾವು ಕಂಡಿದ್ದೆವು, ಗುರುತನ್ನು ಕೊಟ್ಟವರನ್ನು ಕಂಡಿರಲಿಲ್ಲ. ಐವತ್ತೆಂಟರಲ್ಲಿ ಹೊಸ ಕಚ್ಚು ಹುಡುಕಿಕೊಂಡ ಮುದುಕನನ್ನು ಯಾವ ಐಸಿನ ದೋಣಿಯೂ ಕರೆಯುವುದಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಬಿರಾಮ ಜನರನ್ನು ಸರಿಸಿಕೊಂಡು ಮುಂದೆ ಬಂದ. "ಅದು ಕೊಡೋಕೆ ನಿಮ್ಮೊಬ್ಬರದಲ್ಲ. ನನ್ನ ಅಜ್ಜಿ ಮನೇದು. ನಂಗೆ ಬರಬೇಕಾದ್ದು."

ಅವನು ಹೇಳಿದ್ದು ಸರಿಯಾಗಿತ್ತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ತಾಯಿಯ ಮನೆತನದ ಗುರುತಿಗೆ ಆ ಮನೆತನದ ಹಿರಿಯ ಹೆಂಗಸಿನ ಮಾತು ಬೇಕು. ಹಿರಿಯ ಹೆಂಗಸು ಯಾರಮಳೇ. ಇಮಾಮರು ಅವಳನ್ನು ಕರೆದರು.

ಯಾರಮ ಮುಂದೆ ಬರಲಿಲ್ಲ, ಇದ್ದಲ್ಲೇ ಎದ್ದು ನಿಂತಳು. ಅವಳ ಕೈಗೆ ಮೀನಿನ ಉಪ್ಪು ಹತ್ತಿ ಒಣಗಿತ್ತು. ಮಗನನ್ನು ನೋಡಲಿಲ್ಲ, ತಮ್ಮನನ್ನೂ ನೋಡಲಿಲ್ಲ. ತಿಂಗಳಿಡೀ ತನ್ನನ್ನು ಅಣಕಿಸಿದ ಹೆಂಗಸರ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು.

"ನಮ್ಮ ಮನೇದು ನಿಮ್ಮ ಬಾಯಲ್ಲಿ ಇಷ್ಟು ದಿನ ಇತ್ತು. ಬಾಯಿಗೆ ಬಿದ್ದ ಗುರುತು ನನ್ನ ಮಗನಿಗೆ ಯಾಕೆ? ಕೊಟ್ಟಿದೀನಿ. ಮೀನಿಗೇ ಇರ್ಲಿ. ನಿಮಗಿಂತ ಅವೇ ಮೇಲು."

ಅಷ್ಟು ಹೇಳಿ ಬೋಗುಣಿ ಎತ್ತಿಕೊಂಡು ಹೊರಟಳು. ಅವಳಿಗೆ ದಾರಿ ಬಿಡಲು ಹೆಂಗಸರು ತಡಬಡಿಸಿ ಸರಿದರು.

ಬಂಡೆ ಇನ್ನು ಎರಡು ವರ್ಷ ಮುಚ್ಚಿರಬೇಕೆಂದು ತೀರ್ಮಾನವಾಯಿತು. ಸಂತೋಷದಿಂದ ಯಾರೂ ಒಪ್ಪಲಿಲ್ಲ. ಬಂಡೆಯ ಹತ್ತಿರ ಗುಯ್‌ಸಂಬ್‌ನ ಒಂದು ದೋಣಿ ಕಂಡರೂ ಆ ದಿನವೇ ತಮ್ಮ ಬಲೆ ಇಳಿಯುತ್ತದೆ ಎಂದು ಯತ್ಮಾ ಎಲ್ಲರೆದುರು ಹೇಳಿದ. ನಮ್ಮವರು ಅವನಿಗೂ ಅದೇ ಮಾತು ತಿರುಗಿಸಿದರು. ಕಾವಲಿಗೆ ಎರಡೂ ಕಡೆಯಿಂದ ಒಬ್ಬೊಬ್ಬರು ಒಂದೇ ದೋಣಿಯಲ್ಲಿ ಹೋಗಬೇಕೆಂದಾಯಿತು, ಒಬ್ಬರನ್ನೊಬ್ಬರು ನಂಬದ ಕಾರಣಕ್ಕೆ. ಮಸಾಂಬನನ್ನು ಸಮಿತಿಯಿಂದ ಇಳಿಸಿದರು. ಆ ಮಾತನ್ನು ಬರೆದುಕೊಂಡವನು ನಾನೇ.

ನಾಲ್ಕು ದಿನದ ಮೇಲೆ ಯತ್ಮಾನ ಐಸಿನ ದೋಣಿ ಹೊರಟಿತು. ಅದರಲ್ಲಿ ಬಿರಾಮನಿದ್ದ. ನಮ್ಮೂರ ದೋಣಿಗಳು ಕರೆಯದವನನ್ನು ಯತ್ಮಾ ಕರೆದಿದ್ದ. ಮಸಾಂಬನನ್ನು ನೋಯಿಸಲು ಕರೆದನೋ, ಒಳ್ಳೆಯ ಆಳೆಂದು ಕರೆದನೋ, ಎರಡೂ ಇರಬಹುದು. ಮೀನಿನ ಹೊಟ್ಟೆಯ ಎಡರೆಕ್ಕೆಗೆ ಒಂದೇ ಒಂದು ಓರೆ ಕಚ್ಚು, ಅದು ತನ್ನ ಹೊಸ ಗುರುತೆಂದು ದೋಣಿಯವರಿಗೆಲ್ಲ ಬಿರಾಮ ತೋರಿಸಿಟ್ಟಿದ್ದ.

ದೂರ ಹೋಗುವವರು ಉಳಿಯುವವರಿಗೆ ಎಡಗೈ ಕೊಡುವುದು ನಮ್ಮ ರೂಢಿ, ತಿರುಗಿ ಬಂದು ಬಲಗೈ ಕೊಡುವೆನೆಂಬ ಮಾತು ಅದರಲ್ಲಿದೆ. ಬಿರಾಮ ದಡದಲ್ಲಿ ತಾಯಿಗೆ ಎಡಗೈ ಕೊಟ್ಟ, ನನಗೂ ಕೊಟ್ಟ. ಮಸಾಂಬ ಮೊಳಕಾಲು ನೀರಿನಲ್ಲಿ ನಿಂತು, ಉಳಿದವರ ಜೊತೆ ದೋಣಿ ತಳ್ಳಲು ಹೆಗಲು ಕೊಟ್ಟಿದ್ದ. ಅಳಿಯ ಕೈ ಕೊಡದೆ ಅವನ ಪಕ್ಕದಲ್ಲೇ ಹಾದು, ಅಂಚು ಹಿಡಿದು ಒಳಗೆ ಹಾರಿದ. ದೋಣಿ ಅಲೆ ದಾಟುವವರೆಗೂ ಸಮುದ್ರದ ಕಡೆ ಮುಖ ಮಾಡಿಕೊಂಡೇ ಕೂತಿದ್ದ.